ಗೋಲ್ಡ್‌ಮನ್ನರ ಟೋನೋಮೀಟರ್
ನೋವಿಲ್ಲದೆ ದೃಷ್ಟಿನರವನ್ನು ಸವೆಸುವ ಗ್ಲಾಕೋಮಾ ಕಾಯಿಲೆಯ ತಪಾಸಣೆಗೆ ಬರ್ನ್ ನಗರದ ನೇತ್ರವೈದ್ಯ ಹಾನ್ಸ್ ಗೋಲ್ಡ್‌ಮನ್ (1899–1991) ಕೊಟ್ಟ ಕೊಡುಗೆಗಳಲ್ಲಿ, 1950ರ ದಶಕದಲ್ಲಿ ಅವರು ರೂಪಿಸಿದ ಟೋನೋಮೀಟರ್, ಅಂದರೆ ಕಣ್ಣೊಳಗಿನ ಒತ್ತಡವನ್ನು ಅಳೆಯುವ ಉಪಕರಣ, ಅತ್ಯಂತ ಸೊಗಸಾದದ್ದು. ಮರಗಟ್ಟಿಸುವ ಹನಿಯನ್ನೂ ಫ್ಲೋರೆಸಿನ್ ಬಣ್ಣವನ್ನೂ ಹಾಕಿದ ಕಣ್ಣಿನ ಕಾರ್ನಿಯಾಕ್ಕೆ, ಎಂದರೆ ಮುಂಭಾಗದ ಪಾರದರ್ಶಕ ಪೊರೆಗೆ, ಪುಟ್ಟ ಪ್ರಿಸಂ ತಾಗಿದಾಗ ನೀಲಿ ಬೆಳಕಿನಲ್ಲಿ ಎರಡು ಹಸಿರು ಅರೆವೃತ್ತಗಳು ಮೂಡುತ್ತವೆ. ವೈದ್ಯರು ತಿರುಪನ್ನು ಮೆಲ್ಲಗೆ ತಿರುಗಿಸಿ ಅವುಗಳ ಒಳ ಅಂಚುಗಳನ್ನು ಕೂಡಿಸಿದಾಗ 3.06 ಮಿಲಿಮೀಟರ್ ವ್ಯಾಸದ ಭಾಗ ಚಪ್ಪಟೆಯಾಗಿರುತ್ತದೆ. ಈ ವ್ಯಾಸದ ಆಯ್ಕೆಯಲ್ಲೇ ಗೋಲ್ಡ್‌ಮನ್ನರ ಪ್ರತಿಭೆಯಿದೆ: ಪೊರೆಯ ಬಿಗುವೂ ಕಣ್ಣೀರಿನ ಸೆಳೆತವೂ ಇಲ್ಲಿ ಹೆಚ್ಚುಕಡಿಮೆ ಸರಿದೂಗುವುದರಿಂದ, ಗ್ರಾಂ ಲೆಕ್ಕದ ಬಲವನ್ನು ಹತ್ತರಿಂದ ಗುಣಿಸಿದರೆ ಪಾದರಸದ ಮಿಲಿಮೀಟರುಗಳಲ್ಲಿ ಒತ್ತಡ ದೊರೆಯುತ್ತದೆ. ಕಾರ್ನಿಯಾದ ದಪ್ಪಕ್ಕೆ ತಕ್ಕಂತೆ ಅಳತೆ ತುಸು ಏರುಪೇರಾಗುವುದುಂಟಾದರೂ, ನೇತ್ರವೈದ್ಯರು ಇಂದಿಗೂ ಪ್ರಮಾಣವೆಂದು ಒಪ್ಪುವುದು ಇದನ್ನೇ.