ಪ್ರೇಯಸಿಯ ಹೆಸರು ಮತ್ತು ಒಂಬತ್ತನೆಯ ಸಿಂಫನಿ

ಸಂಗೀತ ರಚನಕಾರರ ಬದುಕನ್ನು ತೆರೆಗೆ ತರುವವರಿಗೆ ಮೊದಲಿನಿಂದಲೂ ಒಂದು ತೊಡಕು ಇದ್ದೇ ಇದೆ. ರಚನೆ ನಡೆಯುವುದು ಮನಸ್ಸಿನೊಳಗೆ. ಕ್ಯಾಮೆರಾಕ್ಕೆ ಸಿಗುವುದು ಮೇಜಿನ ಮುಂದೆ ಕುಳಿತು ಕಾಗದದ ಮೇಲೆ ಸ್ವರಲಿಪಿ ಗೀಚುವ ಮನುಷ್ಯ ಮಾತ್ರ. ಆದುದರಿಂದಲೇ ನಿರ್ದೇಶಕರು ಕೃತಿಯನ್ನು ಬದಿಗಿಟ್ಟು ಕರ್ತೃವಿನ ಪ್ರೇಮ, ಹಗೆ, ಕಾಯಿಲೆ, ಸಾಲಗಳ ಬೆನ್ನು ಹತ್ತುತ್ತಾರೆ. ಮಿಲೋಸ್ ಫೋರ್ಮನ್ ಅವರ ‘ಅಮಡೇಯಸ್’ (1984) ಸಮಕಾಲೀನ ರಚನಕಾರ ಸಲಿಯೇರಿಯ ಹೊಟ್ಟೆಕಿಚ್ಚಿನ ಮೂಲಕ ಮೊಟ್ಸಾರ್ಟ್‌ನನ್ನು ತೋರಿಸಿ ಗೆದ್ದಿತು. ಹತ್ತು ವರ್ಷಗಳ ಬಳಿಕ ಬರ್ನಾರ್ಡ್ ರೋಸ್ ಬರೆದು ನಿರ್ದೇಶಿಸಿದ, ಗ್ಯಾರಿ ಓಲ್ಡ್‌ಮನ್ ಬೀಥೋವನ್ ಆಗಿ ನಟಿಸಿದ ‘ಇಮ್ಮಾರ್ಟಲ್ ಬಿಲವೆಡ್’ ಹಿಡಿದದ್ದು ಪ್ರೇಮದ ದಾರಿಯನ್ನು.

ಚಿತ್ರಕ್ಕೆ ಆಧಾರವಾದ ಒಗಟು ಕಲ್ಪಿತವಲ್ಲ. 1827ರ ಮಾರ್ಚ್ 26ರಂದು ವಿಯೆನ್ನಾದಲ್ಲಿ ಬೀಥೋವನ್ ತೀರಿಕೊಂಡ ನಂತರ ಅವನ ಕಾಗದಪತ್ರಗಳ ನಡುವೆ, ಹೆಸರಿಲ್ಲದ ಹೆಣ್ಣೊಬ್ಬಳಿಗೆ ಪೆನ್ಸಿಲಿನಲ್ಲಿ ಬರೆದ ಮೂರು ಭಾಗಗಳ ಪ್ರೇಮಪತ್ರವೊಂದು ದೊರೆಯಿತು. ಅದರಲ್ಲಿ ಸೋಮವಾರ, ಜುಲೈ 6 ಎಂಬ ಉಲ್ಲೇಖವಿತ್ತೇ ಹೊರತು ಇಸವಿಯಾಗಲಿ ಊರಾಗಲಿ ಇರಲಿಲ್ಲ; ಅದು 1812ರಲ್ಲಿ, ಬೊಹಿಮಿಯಾ ಸೀಮೆಯ ಬಿಸಿನೀರಿನ ಬುಗ್ಗೆಗಳ ಊರಾದ ಟೆಪ್ಲಿಟ್ಸ್‌ನಲ್ಲಿ ಬರೆದದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಈಗ ಬಹುಮಟ್ಟಿಗೆ ಒಮ್ಮತವಿದೆ. ಯಾರಿಗೆ ಎಂಬ ಬಗ್ಗೆ ಇಲ್ಲ. ಅಮೆರಿಕದ ವಿದ್ವಾಂಸ ಮೇನಾರ್ಡ್ ಸೊಲೊಮನ್, ಆ ದಿನಗಳಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿದ್ದ ಆಂಟೊನಿ ಬ್ರೆಂಟಾನೊ ಎಂಬ ವಿವಾಹಿತೆಯ ಪರವಾಗಿ ವಾದಿಸಿದರು. ಇನ್ನೊಂದು ಪಕ್ಷ ಕೌಂಟೆಸ್ ಜೋಸೆಫಿನ್ ಬ್ರುನ್ಸ್‌ವಿಕ್‌ಳತ್ತ ಬೆರಳು ತೋರಿಸುತ್ತದೆ: ಬೀಥೋವನ್ ಅವಳಿಗೆ ಬರೆದ ಹದಿಮೂರು ಪತ್ರಗಳು 1957ರಲ್ಲಿ ಪ್ರಕಟವಾದವು, ಮತ್ತು ಆ ಜುಲೈಗೆ ಸರಿಯಾಗಿ ಒಂಬತ್ತು ತಿಂಗಳ ಬಳಿಕ ಅವಳಿಗೆ ಮಿನೋನಾ ಎಂಬ ಮಗಳು ಹುಟ್ಟಿದಳು. ಎರಡೂ ಪಕ್ಷಗಳ ಬಳಿ ಬಲವಾದ ಸಾಂದರ್ಭಿಕ ಸಾಕ್ಷ್ಯಗಳಿವೆ, ಅಂತಿಮ ಪುರಾವೆ ಎರಡರಲ್ಲಿಯೂ ಇಲ್ಲ.

ರೋಸ್ ಈ ಇಬ್ಬರನ್ನೂ ಒಲ್ಲದೆ ಮೂರನೆಯವಳನ್ನು ಆರಿಸಿಕೊಳ್ಳುತ್ತಾರೆ; ಆ ಆಯ್ಕೆಗಿಂತಲೂ ಕುತೂಹಲಕರವಾದುದು ಅವರು ಪತ್ತೇದಾರನನ್ನಾಗಿ ನಿಲ್ಲಿಸಿದ ಪಾತ್ರ. ಚಿತ್ರದಲ್ಲಿ ಬೀಥೋವನ್‌ನ ಕಾರ್ಯದರ್ಶಿ ಆಂಟನ್ ಶಿಂಡ್ಲರ್ ಪತ್ರವನ್ನು ಹಿಡಿದುಕೊಂಡು, ಸತ್ತವನಿಗೆ ನ್ಯಾಯ ಸಲ್ಲಬೇಕೆಂಬ ಒಂದೇ ಹಂಬಲದಿಂದ, ಒಬ್ಬೊಬ್ಬ ಹೆಣ್ಣಿನ ಮನೆಬಾಗಿಲಿಗೂ ಹೋಗುತ್ತಾನೆ. ಚರಿತ್ರೆಯ ಶಿಂಡ್ಲರ್ ಬೇರೆಯೇ ಜಾತಿಯ ಮನುಷ್ಯ. ಕಿವಿ ಪೂರ್ತಿ ಕೈಕೊಡುತ್ತ ಬಂದಂತೆ ಬೀಥೋವನ್ 1818ರಿಂದ ಸಂಭಾಷಣೆಯ ಪುಸ್ತಕಗಳನ್ನು ಇಟ್ಟುಕೊಂಡಿದ್ದ; ಬಂದವರು ಹೇಳಬೇಕಾದುದನ್ನು ಅದರಲ್ಲಿ ಬರೆಯುತ್ತಿದ್ದರು, ಅವನು ಬಾಯಲ್ಲಿ ಉತ್ತರಿಸುತ್ತಿದ್ದ. ಈ ಪುಸ್ತಕಗಳನ್ನು ತನ್ನದಾಗಿಸಿಕೊಂಡ ಶಿಂಡ್ಲರ್, ಬೀಥೋವನ್ ಸತ್ತ ಮೇಲೆ, ತನಗೂ ಅವನಿಗೂ ಇದ್ದ ಸಲುಗೆಯನ್ನು ಹಿಗ್ಗಿಸಿ ತೋರಿಸುವಂತೆ ಖಾಲಿ ಜಾಗಗಳಲ್ಲಿ ಹೊಸ ಮಾತುಗಳನ್ನು ಸೇರಿಸಿ, ಬಳಿಕ ಅವನ್ನು ಬರ್ಲಿನ್ನಿನ ರಾಜಗ್ರಂಥಾಲಯಕ್ಕೆ ಮಾರಿದ. ಈ ಕೃತ್ರಿಮ ಬಯಲಾದದ್ದು 1970ರ ದಶಕದಲ್ಲಿ. ಪ್ರೇಮಪತ್ರವೂ ಅವನ ವಶದಲ್ಲೇ ಉಳಿದಿತ್ತು. 1840ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಅದು ಬೀಥೋವನ್‌ನ ಶಿಷ್ಯೆಯಾಗಿದ್ದ ಜೂಲಿಯೆಟಾ ಗ್ವಿಚಾರ್ಡಿಗೆ ಬರೆದದ್ದೆಂದು ಅವನು ಹೇಳಿಬಿಟ್ಟ. ದಾಖಲೆ ತಿದ್ದಿದವನನ್ನೇ ಸತ್ಯಶೋಧಕನನ್ನಾಗಿ ಮಾಡಿದಾಗ, ಅವನ ಪ್ರತಿ ಹೆಜ್ಜೆಯಲ್ಲೂ ಸಂಶಯಕ್ಕೆ ಎಡೆಕೊಟ್ಟು ಒಂದು ಅಪೂರ್ವವಾದ ಚಿತ್ರವನ್ನು ಕಟ್ಟಬಹುದಾಗಿತ್ತು. ರೋಸ್ ಆ ಕಡೆ ನೋಡಲೂ ಇಲ್ಲ. ಯೆರೋನ್ ಕ್ರಾಬೆ ನಟಿಸಿರುವ ಶಿಂಡ್ಲರ್ ಮೊದಲಿನಿಂದ ಕೊನೆಯವರೆಗೆ ನಿಷ್ಠಾವಂತ ಸೇವಕ.

ಅವನು ತಲುಪುವ ಹೆಣ್ಣು ಯೊಹಾನಾ, ಅಂದರೆ ಬೀಥೋವನ್‌ನ ತಮ್ಮ ಕಾಸ್ಪರ್ ಕಾರ್ಲನ ಹೆಂಡತಿ. ನಾದಿನಿಯೇ ಪ್ರೇಯಸಿ, ತಮ್ಮನ ಮಗ ಕಾರ್ಲ್ ಬೀಥೋವನ್‌ನದೇ ಮಗ ಎಂಬುದು ಚಿತ್ರದ ಉತ್ತರ. ಕಾರ್ಲ್ ಹುಟ್ಟಿದ್ದು 1806ರಲ್ಲಿ, ಪತ್ರ 1812ರದ್ದು ಎಂಬ ಲೆಕ್ಕವೊಂದೇ ಇದನ್ನು ಅಳಿಸಿಹಾಕಲು ಸಾಕು. ದಾಖಲೆಗಳು ಹೇಳುವ ಕಥೆ ಇನ್ನೂ ಕಟುವಾದುದು. 1815ರಲ್ಲಿ ತಮ್ಮ ತೀರಿಕೊಂಡದ್ದೇ ತಡ, ಯೊಹಾನಾ ತಾಯಿಯಾಗಲು ಯೋಗ್ಯಳಲ್ಲವೆಂದು ಬೀಥೋವನ್ ನ್ಯಾಯಾಲಯದ ಮೆಟ್ಟಿಲೇರಿದ. ತನ್ನ ಹೆಸರಿನ ‘ವಾನ್’ ಕುಲೀನತೆಯ ಗುರುತೆಂಬ ಭಾವನೆಯ ಮೇಲೆ ಶ್ರೀಮಂತವರ್ಗದವರ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯ, ಅದು ಬರಿಯ ಡಚ್ ಮನೆತನದ ಹೆಸರೆಂದು 1818ರಲ್ಲಿ ಗೊತ್ತಾದ ಮೇಲೆ ಸಾಮಾನ್ಯರ ನ್ಯಾಯಾಲಯಕ್ಕೆ ವರ್ಗವಾಯಿತು. 1820ರಲ್ಲಿ ಅವನೇ ಗೆದ್ದ. ಆರು ವರ್ಷಗಳ ಬಳಿಕ ಕಾರ್ಲ್ ತನ್ನ ತಲೆಗೆ ತಾನೇ ಗುಂಡು ಹಾರಿಸಿಕೊಂಡು, ಹೇಗೋ ಬದುಕಿ ಉಳಿದ. ಮಗನನ್ನು ಕಳೆದುಕೊಂಡ ವಿಧವೆಯ ಈ ಸಂಕಟವನ್ನು ಮುಚ್ಚಿಟ್ಟ ಪ್ರೇಮದ ಇನ್ನೊಂದು ಮುಖವೆಂದು ಬಗೆಯುವುದು, ಮೆತ್ತಗೆ ಹೇಳಬೇಕೆಂದರೂ, ಯೊಹಾನಾಗೆ ಎಸಗಿದ ಎರಡನೆಯ ಅನ್ಯಾಯ.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರವನ್ನು ತಳ್ಳಿಹಾಕಲಾಗದು. ರೋಸ್‌ಗೆ ಹೆಸರು ಹುಡುಕುವ ಕೆಲಸ ಕೂಡಿಬರಲಿಲ್ಲ. ಕಿವುಡುತನವನ್ನು ಕೇಳಿಸುವ ಕೆಲಸ ಮಾತ್ರ ಅವರಷ್ಟು ಚೆನ್ನಾಗಿ ಮಾಡಿದವರು ವಿರಳ. ಜೂಲಿಯೆಟಾಳ ಮನೆಗೆ ಹೊಸ ಪಿಯಾನೊ ಬಂದಿರುತ್ತದೆ. ಬೀಥೋವನ್‌ಗೆ ನಿಜವಾಗಿ ನುಡಿಸಲು ಬರುತ್ತದೆಯೇ ಎಂಬ ಸಂಶಯದಲ್ಲಿ ತಂದೆ ಮಗಳಿಬ್ಬರೂ ಮರೆಯಲ್ಲಿ ನಿಂತಿರುತ್ತಾರೆ. ಒಬ್ಬನೇ ಇದ್ದೇನೆಂದು ತಿಳಿದ ಅವನು ಪಿಯಾನೊದ ಮುಚ್ಚಳದ ಮೇಲೆ ಕಿವಿಯಿಟ್ಟು, ಮರದ ಕಂಪನವನ್ನೇ ಆಸರೆಯಾಗಿಸಿಕೊಂಡು, ಮುಂದೆ ‘ಮೂನ್‌ಲೈಟ್’ ಎಂದು ಹೆಸರಾದ ಸೊನಾಟಾದ ಮೊದಲ ಭಾಗವನ್ನು ನುಡಿಸತೊಡಗುತ್ತಾನೆ. (ಸೊನಾಟಾ ಎಂದರೆ ಒಂದೋ ಎರಡೋ ವಾದ್ಯಗಳಿಗಾಗಿ ಹಲವು ಭಾಗಗಳಲ್ಲಿ ಬರೆದ ರಚನೆ, 1802ರಲ್ಲಿ ಅಚ್ಚಾದ ಈ ಕೃತಿ ನಿಜಕ್ಕೂ ಜೂಲಿಯೆಟಾಗೆ ಅರ್ಪಿತವಾಗಿದೆ.) ಜೂಲಿಯೆಟಾ ಹತ್ತಿರ ಬಂದು ಮುಟ್ಟಿದಾಗ ಅವನು ಸಿಡಿದೇಳುತ್ತಾನೆ. ಅಲ್ಲಿ ಕಾಣುವುದು ಪ್ರೇಮಿಯ ಕೋಪವಲ್ಲ, ಗುಟ್ಟು ರಟ್ಟಾದವನ ಅವಮಾನ. ಓಲ್ಡ್‌ಮನ್ ಅವರ ನಟನೆಯ ತೂಕ ತಿಳಿಯುವುದು ಇಂಥಲ್ಲಿ.

‘ಕ್ರೂಟ್ಸರ್’ ಸೊನಾಟಾದ ತಾಲೀಮಿನ ದೃಶ್ಯ ಅಷ್ಟು ಮೇಲ್ಮಟ್ಟದ್ದಲ್ಲ. ಮಳೆಯಲ್ಲಿ ಗಾಡಿ ಕೆಟ್ಟು ನಿಂತು ಪ್ರೇಯಸಿಯ ಬಳಿ ಹೋಗಲಾಗದವನ ತಳಮಳವೇ ಈ ಸಂಗೀತವೆಂದು ಬೀಥೋವನ್ ಶಿಂಡ್ಲರ್‌ಗೆ ವಿವರಿಸುತ್ತಾನೆ. ಆ ಸೊನಾಟಾದ ಮೊದಲ ಕಛೇರಿ 1803ರಲ್ಲಿ ನಡೆದಾಗ ಶಿಂಡ್ಲರ್ ಇನ್ನೂ ಏಳೆಂಟು ವರ್ಷದ ಹುಡುಗನಾಗಿದ್ದ ಎಂಬುದು ಹಾಗಿರಲಿ; ಸಂಗೀತಕ್ಕೆ ಒಂದೇ ಒಂದು ಘಟನೆಯನ್ನು ಅರ್ಥವೆಂದು ಅಂಟಿಸುವ ಚಾಳಿ ಕೇಳುವವರ ಕಿವಿಯನ್ನು ಮಂಕಾಗಿಸುತ್ತದೆ.

ಚಿತ್ರದ ಶಿಖರವೆಂದರೆ ಒಂಬತ್ತನೆಯ ಸಿಂಫನಿ. 1824ರ ಮೇ 7ರಂದು ವಿಯೆನ್ನಾದ ಕೆರ್ಂಟ್ನರ್‌ಟೋರ್ ರಂಗಮಂದಿರದಲ್ಲಿ ಇದು ಮೊದಲು ನುಡಿದಾಗ ವಾದ್ಯವೃಂದವನ್ನು ನಡೆಸಿದವನು ಮಿಖಾಯೆಲ್ ಉಮ್ಲಾಫ್; ಪಕ್ಕದಲ್ಲಿ ನಿಂತಿದ್ದ ಬೀಥೋವನ್‌ಗೆ ಚಪ್ಪಾಳೆ ಕೇಳಿಸದಿದ್ದುದರಿಂದ ಗಾಯಕಿ ಕರೋಲಿನ್ ಉಂಗರ್ ಅವನನ್ನು ಸಭಿಕರ ಕಡೆಗೆ ತಿರುಗಿಸಿದಳೆಂಬುದು ಪ್ರಸಿದ್ಧ ಸಂಗತಿ. ಈ ಪ್ರಸಂಗದಲ್ಲಿ ರೋಸ್ ಧ್ವನಿಯನ್ನೇ ಅಡಗಿಸುತ್ತಾರೆ. ವೇದಿಕೆಯ ಮೇಲೆ ನಿಂತವನ ಮುಖ ಕಾಣುತ್ತದೆ, ವಾದ್ಯಗಳು ಮೂಕವಾಗುತ್ತವೆ. ಮತ್ತೆ ಸಂಗೀತ ಮೇಲೆದ್ದಾಗ ತೆರೆಯ ಮೇಲೆ ಬಾನ್ ಪಟ್ಟಣದ ಹಳೆಯ ಮನೆ, ಕುಡಿದು ಮೆಟ್ಟಿಲೇರಿ ಬರುವ ತಂದೆ, ಕಿಟಕಿಯಿಂದ ತಪ್ಪಿಸಿಕೊಂಡು ರಾತ್ರಿಯ ಕಾಡಿನಲ್ಲಿ ಓಡುವ ಹುಡುಗ. ಅವನು ಕೊಳದ ನೀರಿನಲ್ಲಿ ಅಂಗಾತ ಮಲಗುತ್ತಾನೆ, ಕ್ಯಾಮೆರಾ ಮೇಲೇರುತ್ತದೆ, ನೀರಿನಲ್ಲಿ ಮೂಡಿದ ನಕ್ಷತ್ರಗಳ ನಡುವೆ ಅವನೂ ಒಂದು ಚುಕ್ಕಿಯಾಗುತ್ತಾನೆ. ಇದಾವುದಕ್ಕೂ ದಾಖಲೆಯಿಲ್ಲ, ಬೇಕಾಗಿಯೂ ಇಲ್ಲ. ಸರ್ ಜಾರ್ಜ್ ಶೋಲ್ಟಿ ನಡೆಸಿದ ಲಂಡನ್ ಸಿಂಫನಿ ವಾದ್ಯವೃಂದದ ನಾದಕ್ಕೆ ಈ ಕೆಲವು ನಿಮಿಷಗಳಲ್ಲಿ ಯಾವ ಭಾಷ್ಯವನ್ನೂ ಹೊರಿಸಿಲ್ಲ. ಒಬ್ಬ ಹುಡುಗ ಪೆಟ್ಟಿನಿಂದ ಪಾರಾಗಿ ಓಡಿದ್ದನ್ನಷ್ಟೇ ತೋರಿಸಿದೆ.

ಚಿತ್ರ ಅಲ್ಲಿಗೆ ಮುಗಿದಿದ್ದರೆ ಅದರ ಸ್ಥಾನ ಬೇರೆಯೇ ಆಗುತ್ತಿತ್ತು. ಆದರೆ ಒಗಟಿಗೆ ಉತ್ತರ ಕೊಡುವ ಬಾಕಿ ಇರುವುದರಿಂದ ರೋಸ್ ಮತ್ತೆ ಪತ್ರಕ್ಕೆ, ಕೆಟ್ಟು ನಿಂತ ಗಾಡಿಗೆ, ತಡವಾಗಿ ತಲುಪಿದ ಪ್ರೇಮಿಗೆ ಮರಳುತ್ತಾರೆ, ಮತ್ತು ಅದುವರೆಗೆ ಕಿವಿಯಾಗಿದ್ದ ಪ್ರೇಕ್ಷಕ ಪುನಃ ದಿನಾಂಕಗಳನ್ನು ತಾಳೆ ನೋಡತೊಡಗುತ್ತಾನೆ.