ಗಣಿಯ ನೀರು ಮತ್ತು ವರದಿಯ ಪಾಠ

ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಒಂದು ಸೂತ್ರ ಸುಪರಿಚಿತವಾದುದು: ಎರಡು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಕಂಡುಬಂದರೆ, ಒಂದು ಪ್ರತಿ ಇನ್ನೊಂದರಿಂದಲೋ ಅಥವಾ ಎರಡೂ ಒಂದೇ ಮಾತೃಕೆಯಿಂದಲೋ ಹುಟ್ಟಿರಬೇಕು. ಅಮೆರಿಕದ ಕೆಂಟಕಿ ಸಂಸ್ಥಾನದ ಕಲ್ಲಿದ್ದಲ ಗಣಿಗಳ ಜಲಪರೀಕ್ಷಾ ವರದಿಗಳಿಗೆ 2010ರಲ್ಲಿ ಇದೇ ಬಗೆಯ ಪರೀಕ್ಷೆ ನಡೆಯಿತು. ನಡೆಸಿದವರು ಅಧಿಕಾರಿಗಳಲ್ಲ, ಪರಿಸರ ಸಂಘಗಳವರು ಎಂಬುದು ಗಮನಾರ್ಹ.

ಆ ದೇಶದ 1972ರ ಜಲಸಂರಕ್ಷಣಾ ಶಾಸನದಂತೆ, ಗಣಿಯಿಂದ ಹೊಳೆಗೆ ನೀರು ಬಿಡುವವರು ಪರವಾನಗಿ ಪಡೆಯಬೇಕು. ನೀರನ್ನು ತಾವೇ ಪರೀಕ್ಷೆ ಮಾಡಿಸಿ ಫಲವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಕಲ್ಲಿದ್ದಲ ಗಣಿಯಲ್ಲಿ ಮುಖ್ಯವಾಗಿ ನೋಡತಕ್ಕವು ಕಬ್ಬಿಣ, ಮ್ಯಾಂಗನೀಸ್, ನೀರಿನಲ್ಲಿ ತೇಲುವ ಕಣಗಳು ಮತ್ತು ಪಿಎಚ್. ಈ ಕೊನೆಯದು ಸಾಮಾನ್ಯವಾಗಿ 6ರಿಂದ 9ರ ಒಳಗಿರಬೇಕು. ಸಂಘಗಳವರು ಕಚೇರಿಯ ಕಾಗದದ ಕಡತಗಳನ್ನು ಬಿಡಿಸಿ, ಒಂದು ತ್ರೈಮಾಸಿಕದ ವರದಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಾಗ, ಎಷ್ಟೋ ಕಡೆ ಅಂಕಿಗಳು ಅವೇ ಆಗಿದ್ದುವು. ಬದಲಾದುದು ತಾರೀಖು ಮಾತ್ರ. ಮಳೆಗೊಂದು ಬಣ್ಣ, ಬಿಸಿಲಿಗೊಂದು ಬಣ್ಣ ತಾಳುವ ತೊರೆಯ ನೀರು ದಶಾಂಶದವರೆಗೂ ತನ್ನನ್ನು ತಾನೇ ಅನುಕರಿಸಲಾರದು. ಅಲ್ಲಿ ಬರೆದಿದ್ದುದು ನೀರಿನ ಪಾಠವಲ್ಲ, ಲಿಪಿಕಾರನ ಪಾಠ.

2015ರ ಅಕ್ಟೋಬರಿನಲ್ಲಿ ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು ವಿದ್ಯುನ್ಮಾನ ವರದಿಯ ನಿಯಮವನ್ನು ಪ್ರಕಟಿಸಿತು. 2016ರ ಡಿಸೆಂಬರ್ 21ರಿಂದ ಈ ವರದಿಗಳು ಗಣಕಯಂತ್ರದ ಮೂಲಕವೇ ಬರತಕ್ಕುದೆಂದಾಯಿತು. (ಧರ್ಮದ ಕಟ್ಟಳೆಯಿಂದ ಯಂತ್ರಗಳನ್ನು ದೂರವಿಟ್ಟ ಪಂಗಡಗಳಿಗೆ ಶಾಶ್ವತ ವಿನಾಯಿತಿಯನ್ನೂ ಕೊಟ್ಟಿರುವುದು ನಿಯಮಕರ್ತರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.) ಕಾಗದ ಉಳಿಯಿತು, ಕಾಲ ಉಳಿಯಿತು, ಅಂಕಿಗಳನ್ನು ಮರಳಿ ತುಂಬುವ ಗುಮಾಸ್ತರ ಕೈತಪ್ಪು ತಪ್ಪಿತು ಎಂದು ಈ ನಿಯಮವನ್ನು ಹೊಗಳುವವರುಂಟು. ಅದು ನಿಜ, ಆದರೆ ಇದರ ಹೆಚ್ಚಳ ಬೇರೆಡೆ ಇದೆಯೆಂದು ನಮಗೆ ತೋರುತ್ತದೆ. ಕಪಾಟಿನಲ್ಲಿ ಕಟ್ಟಿಟ್ಟ ವರದಿಯನ್ನು ಓದುವವನು ಒಬ್ಬ, ಅವನೂ ಓದದಿರಬಹುದು. ಒಂದೇ ಕೋಶದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಅಂಕಿಗಳನ್ನಾದರೋ ಯಾರು ಬೇಕಾದರೂ ಸಾಲುಹಿಡಿದು ತೂಗಬಹುದು. ಕೆಂಟಕಿಯಲ್ಲಿ ಬೆವರು ಸುರಿಸಿ ಮಾಡಿದ ಪಾಠಪರಿಶೀಲನೆಯನ್ನು ಯಂತ್ರವು ಕ್ಷಣದಲ್ಲಿ ಮಾಡಬಲ್ಲುದು.

ಮಾಡಬಲ್ಲುದು ಎಂದೆವು, ಮಾಡುತ್ತದೆ ಎಂದಲ್ಲ. ಯಂತ್ರ ತಾನಾಗಿ ಹಿಡಿಯುವುದು ಖಾಲಿ ಬಿಟ್ಟ ಮನೆಯನ್ನು, ಮಿತಿ ಮೀರಿದ ಅಂಕಿಯನ್ನು. ನಕಲು ಮಾಡಿದ ಅಂಕಿ ಖಾಲಿಯೂ ಅಲ್ಲ, ಮಿತಿಯನ್ನೂ ಮೀರದು; ಅದನ್ನು ಹಿಡಿಯಬೇಕಾದರೆ ಹಾಗೆ ಹುಡುಕೆಂದು ಯಾರಾದರೂ ವಿಧಿಸಬೇಕು. ಅದಕ್ಕಿಂತ ಗಹನವಾದ ಕೊರತೆ ಇನ್ನೊಂದಿದೆ. ನಿಯಮವು ಪ್ರತಿಯು ಸಾಗುವ ದಾರಿಯನ್ನು ತಿದ್ದಿತು, ಮೂಲಪ್ರತಿಯನ್ನು ಮುಟ್ಟಲಿಲ್ಲ. ಸೀಸೆಯಲ್ಲಿ ನೀರು ತುಂಬುವವನೂ, ಅದನ್ನು ಪ್ರಯೋಗಶಾಲೆಗೆ ಕಳಿಸುವವನೂ ಇಂದಿಗೂ ಗಣಿಯವನ ಸಂಬಳದವನೇ ಅಥವಾ ಅವನು ಗೊತ್ತುಮಾಡಿದವನೇ. 2010ರಲ್ಲಿ ಸಿಕ್ಕಿಬಿದ್ದ ಸಂಸ್ಥೆಗಳಲ್ಲಿ ಒಂದರ ವರದಿಗಳಲ್ಲಿ 2014ರಲ್ಲಿ ಮತ್ತೆ ಅದೇ ಬಗೆಯ ನಕಲು ಕಾಣಿಸಿಕೊಂಡಿತು. ಈ ಸಲವೂ ಅದನ್ನು ತೋರಿಸಿಕೊಟ್ಟವರು ಹೊರಗಿನ ಓದುಗರೇ. ಅಂಕಿಯೊಡನೆ ಪ್ರಯೋಗಶಾಲೆಯ ಮೂಲಪತ್ರವನ್ನೂ, ಮಾದರಿ ತೆಗೆದ ಗಳಿಗೆಯನ್ನೂ ಕೋಶಕ್ಕೆ ಸೇರಿಸಬೇಕೆಂದು ವಿಧಿಸಿದ್ದರೆ, ಓದುಗನು ಪ್ರತಿಯಿಂದ ಮೂಲದತ್ತ ಒಂದು ಹೆಜ್ಜೆಯನ್ನಾದರೂ ಇಡಬಹುದಾಗಿತ್ತು.