ಎಲ್ಫ್‌ಮನ್ ಕಲಿತ ಶಾಲೆ

ಡ್ಯಾನಿ ಎಲ್ಫ್‌ಮನ್ ಬಗ್ಗೆ ಹಾಲಿವುಡ್ಡಿನಲ್ಲಿ ಹಳೆಯ ಮಾತೊಂದಿದೆ: ರಾಕ್ ಬ್ಯಾಂಡಿನ ಈ ಹಾಡುಗಾರ ಟ್ಯೂನ್ ಗುನುಗುತ್ತಾನೆ, ಆರ್ಕೆಸ್ಟ್ರಾ ಕೆಲಸವನ್ನೆಲ್ಲ ಬೇರೆಯವರು ಮಾಡುತ್ತಾರೆ. 1989ರಲ್ಲಿ ‘ಬ್ಯಾಟ್‌ಮನ್’ ಗೆದ್ದ ಮೇಲೆ ಈ ಗುಸುಗುಸು ಜೋರಾಯಿತು. ಅವರು ಸಂಗೀತ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ ಎಂಬುದೇ ಇದಕ್ಕೆಲ್ಲ ಆಧಾರ. ಇದು ಶುದ್ಧ ಅನ್ಯಾಯ. ಅವರು ಸಿನಿಮಾ ಸಂಗೀತ ಕಲಿತದ್ದೇ ಬ್ಯಾಂಡಿನಲ್ಲಿ.

ಅಣ್ಣ ರಿಚರ್ಡ್ 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ‘ದಿ ಮಿಸ್ಟಿಕ್ ನೈಟ್ಸ್ ಆಫ್ ದಿ ಓಯಿಂಗೊ ಬೋಯಿಂಗೊ’ ಮೊದಲಿಗೆ ಹಾಡು-ನಾಟಕದ ತಂಡ. ಡ್ಯೂಕ್ ಎಲಿಂಗ್ಟನ್, ಕ್ಯಾಬ್ ಕ್ಯಾಲೊವೇ ಅವರ ಹಳೆಯ ಜಾಜ್ ಅಲ್ಲಿ ನುಡಿಯುತ್ತಿತ್ತು. ರೆಕಾರ್ಡು ಕೇಳಿ ಕೇಳಿ ಒಂದೊಂದು ವಾದ್ಯದ ಪಾಲನ್ನೂ ಎಲ್ಫ್‌ಮನ್ ಕಾಗದಕ್ಕಿಳಿಸಿದರು. ಸ್ವರಲಿಪಿ ಕೈಗೆ ಹತ್ತಿದ್ದು ಹಾಗೆ. ಮುಂದೆ ತಂಡ ರಾಕ್ ಬ್ಯಾಂಡ್ ಆದಾಗಲೂ ಗಿಟಾರಿನ ಪಕ್ಕದಲ್ಲಿ ಸ್ಯಾಕ್ಸೊಫೋನ್, ಟ್ರಂಪೆಟ್ ಉಳಿದವು. ಅದರ ಅಭಿಮಾನಿಯಾಗಿದ್ದ ನಿರ್ದೇಶಕ ಟಿಮ್ ಬರ್ಟನ್ 1985ರ ‘ಪೀ-ವೀಸ್ ಬಿಗ್ ಅಡ್ವೆಂಚರ್’ಗೆ ಸಂಗೀತ ಕೊಡಲು ಎಲ್ಫ್‌ಮನ್ನರನ್ನು ಕರೆದರು.

‘ಬ್ಯಾಟ್‌ಮನ್’ ಶೀರ್ಷಿಕೆ ಸಂಗೀತವನ್ನೇ ಗಮನವಿಟ್ಟು ಕೇಳಿ. ಮುಖ್ಯ ಎಳೆ ಐದೇ ಸ್ವರ: ಸ ರಿ ಗ ಧ ಪ, ಗಾಂಧಾರ ಧೈವತ ಎರಡೂ ಕೋಮಲ. ಮೂರು ಹೆಜ್ಜೆ ಮೆಲ್ಲಗೆ ಏರಿ, ಒಮ್ಮೆಲೇ ಧೈವತಕ್ಕೆ ನೆಗೆದು, ಪಂಚಮಕ್ಕೆ ಬಂದು ನಿಲ್ಲುತ್ತದೆ. ಇದು ರಾಕ್ ಸಂಗೀತಗಾರರು ರಿಫ್ ಕಟ್ಟುವ ಬಗೆ: ಚಿಕ್ಕದು, ಗಟ್ಟಿ, ಎಷ್ಟು ಸಲ ತಿರುಗಿಸಿದರೂ ಸವೆಯದ್ದು. ಅದೇ ಎಳೆ ಒಮ್ಮೆ ಮಂದ್ರದಲ್ಲಿ ತೆವಳುತ್ತದೆ, ಇನ್ನೊಮ್ಮೆ ಕಹಳೆಗಳಲ್ಲಿ ದಂಡಯಾತ್ರೆ ಹೊರಡುತ್ತದೆ. ಚಿತ್ರದ ಸಂಗೀತ ಹೊಳೆದಾಗ ವಿಮಾನದ ಶೌಚಾಲಯಕ್ಕೆ ಓಡಿ ಟೇಪ್ ರೆಕಾರ್ಡರಿಗೆ ಗುನುಗಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಗುನುಗಿದರೆ ತಪ್ಪೇನು?

ಬ್ಯಾಂಡಿನ ಗಿಟಾರ್ ವಾದಕ ಸ್ಟೀವ್ ಬಾರ್ಟೆಕ್ ಎಲ್ಫ್‌ಮನ್ನರ ಆರ್ಕೆಸ್ಟ್ರೇಟರ್ ಆಗಿದ್ದು ನಿಜ, ಬಾರ್ಟೆಕ್ ಹೆಸರು ತೆರೆಯ ಮೇಲೂ ಬರುತ್ತದೆ. ‘ಬ್ಯಾಟ್‌ಮನ್’ಗೆ ವಾದ್ಯವೃಂದ ನಡೆಸಿದವರು ಶರ್ಲಿ ವಾಕರ್. ಇಬ್ಬರದ್ದೂ ದೊಡ್ಡ ಕೆಲಸ. ಆದರೆ ಬಾರ್ಟೆಕ್ ಸ್ವತಂತ್ರವಾಗಿ ಸಂಗೀತ ಕೊಟ್ಟ ‘ಕ್ಯಾಬಿನ್ ಬಾಯ್’ (1994), ವಾಕರ್ ಅವರ ‘ಬ್ಯಾಟ್‌ಮನ್: ಮಾಸ್ಕ್ ಆಫ್ ದಿ ಫ್ಯಾಂಟಸಮ್’ (1993) ಕೇಳಿದವರಿಗೆ ಬೇರೆ ಬೇರೆ ಮನಸ್ಸುಗಳು ಸಿಗುತ್ತವೆ. ಎಲ್ಫ್‌ಮನ್ನರ ‘ಎಡ್ವರ್ಡ್ ಸಿಸರ್‌ಹ್ಯಾಂಡ್ಸ್’ನ ಆ ಕೋಮಲ ವಿಷಾದ, ಮಕ್ಕಳ ಆಟಿಕೆಯಂತೆ ಕಿಣಿಗುಟ್ಟುವ ಸೆಲೆಸ್ಟಾ, ಪದವಿಲ್ಲದ ಕೋರಸ್ ಅವುಗಳಲ್ಲಿಲ್ಲ. ಅವರದೇ ‘ದಿ ಸಿಂಪ್ಸನ್ಸ್’ ಶೀರ್ಷಿಕೆ ಸಂಗೀತದ ಸ್ವರಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ವಾಚಸ್ಪತಿಯ ಮೇಳವೇ ಸಿಗುತ್ತದೆ. ತುಂಟತನಕ್ಕೆ ಆ ಪ್ರತಿಮಧ್ಯಮವನ್ನೇ ಹುಡುಕಿದ ಕಿವಿ ಎಲ್ಫ್‌ಮನ್ನರದ್ದು.

ಅವರದೆಲ್ಲವೂ ನನಗೆ ಹಿಡಿಸಿಲ್ಲ. 2002ರ ‘ಸ್ಪೈಡರ್-ಮ್ಯಾನ್’ನಲ್ಲಿ ಸದ್ದು ಹೆಚ್ಚು, ನೆನಪಲ್ಲುಳಿಯುವುದು ಕಡಿಮೆ. ಆಸ್ಕರ್‌ಗೆ ನಾಲ್ಕು ಸಲ ನಾಮನಿರ್ದೇಶನಗೊಂಡು ಒಮ್ಮೆಯೂ ಗೆಲ್ಲದಿರುವುದು ಮಾತ್ರ ನನ್ನನ್ನು ಈಗಲೂ ಕೆಣಕುತ್ತದೆ.

1995ರಲ್ಲಿ ಬ್ಯಾಂಡ್ ಮುಚ್ಚಿದಾಗ ಅವರು ರಾಕ್‌ಗೆ ಬೆನ್ನು ಹಾಕಿದರು ಎಂದವರೂ ಇದ್ದರು. ಅಂಥವರು ಎಲ್ಫ್‌ಮನ್ನರ 2021ರ ‘ಬಿಗ್ ಮೆಸ್’ ಆಲ್ಬಮ್ ಕೇಳಲಿ: ಗಿಟಾರಿನ ಅಬ್ಬರ, ಸಿಟ್ಟಿನ ಹಾಡುಗಾರಿಕೆ, ಜೊತೆಗೆ ಸಿನಿಮಾದಿಂದ ಬಂದ ತಂತಿವಾದ್ಯಗಳ ದಂಡು, ಎಲ್ಲ ಒಂದೇ ಹಾಡಿನಲ್ಲಿ.